ಹಳದಿ ನೂಲು, ರಾಮಾಯಿಯ ಹಲ್ಲು

ನನ್ನ ಅತ್ತೆ ರಾಮಾಯಿಯ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಇತ್ತು. ಮೇಲಿನ ಸಾಲಿನ ನಡುವಿನ ಹಲ್ಲು. ಅದರ ತುದಿಯಲ್ಲಿ ಒಂದು ನೂಲು ಸರಿಯಾಗಿ ಕೂರುವಷ್ಟು ಜಾಗ ಸವೆದು ಹೋಗಿತ್ತು. ನಾನು ಮದುವೆಯಾಗಿ ಪೊಳ್ಳಾಚಿ ಹತ್ತಿರದ ನೆಗಮಂಗೆ ಬಂದ ಮರುದಿನ ಬೆಳಿಗ್ಗೆಯೇ ನನ್ನನ್ನು ಬೆಳಕಿಗೆ ಕರೆದು, ತುಟಿ ಎತ್ತಿ ಅದನ್ನು ತೋರಿಸಿದಳು. ಬೇರೆ ಅತ್ತೆಯರು ಸೊಸೆಗೆ ಮೊದಲ ದಿನ ಒಡವೆ ಪೆಟ್ಟಿಗೆ ತೋರಿಸುತ್ತಾರೆ. ಇವಳು ಹಲ್ಲು ತೋರಿಸಿದಳು.

"ನೋಡ್ಕೋ ಅಮ್ಮಿಣಿ. ಇದು ಹುಳುಕಲ್ಲ. ಇಪ್ಪತ್ತು ವರ್ಷ ನೂಲು ತಿಂದ ಜಾಗ."

ನೇಯುವಾಗ ಹರಿದ ನೂಲಿಗೆ ಗಂಟು ಹಾಕಿ, ಉಳಿದ ತುದಿಯನ್ನು ಕತ್ತರಿಯಿಂದ ಕತ್ತರಿಸುವಷ್ಟು ಪುರುಸೊತ್ತು ಯಾರಿಗಿದೆ? ಹಲ್ಲಿನಲ್ಲಿ ಕಚ್ಚಿ ಬಿಡುತ್ತಿದ್ದಳು. ಆ ಕಚ್ಚಿಗಿಂತ ಅವಳಿಗೆ ಹೆಚ್ಚು ಹೆಮ್ಮೆ ಅವಳ ಉಸಿರಿನ ಮೇಲೆ. ಲಾಳಿಯೊಳಗೆ ಕಂಡಿಕೆ ಕೂರಿಸಿದ ಮೇಲೆ, ಅಂದರೆ ನೂಲು ಸುತ್ತಿದ ಆ ಬೆರಳುದ್ದದ ಕೊಳವೆಯನ್ನು ಇಟ್ಟ ಮೇಲೆ, ನೂಲಿನ ತುದಿಯನ್ನು ಲಾಳಿಯ ಪಕ್ಕದಲ್ಲಿರುವ ಸಣ್ಣ ಪಿಂಗಾಣಿ ತೂತಿನಿಂದ ಹೊರಗೆ ತರಬೇಕು. ಬೆರಳು ಹೋಗದಷ್ಟು ಸಣ್ಣ ತೂತು ಅದು. ಅದಕ್ಕೆ ನೆಗಮಂನ ಎಲ್ಲ ನೇಕಾರರೂ ಒಂದೇ ಕೆಲಸ ಮಾಡುತ್ತಿದ್ದರು. ತೂತಿಗೆ ತುಟಿಯಿಟ್ಟು ಗಾಳಿ ಎಳೆಯುವುದು. ನೂಲು ಸರ್ರನೆ ಬಂದು ನಾಲಗೆಯ ಮೇಲೆ ಬೀಳುತ್ತಿತ್ತು. ಗಂಡಸರಿಗೆ ಎರಡು ಮೂರು ಸಲ ಎಳೆಯಬೇಕಾಗುತ್ತಿತ್ತು, ರಾಮಾಯಿಗೆ ಒಂದೇ ಉಸಿರು ಸಾಕು. ದಿನಕ್ಕೆ ಎಂಬತ್ತು ತೊಂಬತ್ತು ಸಲ. ಒಂದೇ ಉಸಿರಿನಲ್ಲಿ ಎಳೆಯಲು ಬಾರದವಳು ನೇಯ್ಗೆಯವಳೇ ಅಲ್ಲ ಎನ್ನುತ್ತಿದ್ದಳು. ಈ ಮಾತನ್ನು ನೆನಪಿಡಿ. ಅವಳು ಆಮೇಲೆ ನುಂಗಬೇಕಾಗಿ ಬಂದ ಒಂದೇ ಮಾತು ಇದು.

ನಾನು ಕೊಳ್ಳೇಗಾಲದ ಕಡೆಯವಳು, ಹೆಸರು ಕಾಮಾಕ್ಷಿ. ನಮ್ಮದೂ ನೇಯುವ ಮನೆಯೇ, ಆದರೆ ನಮ್ಮಲ್ಲಿ ಹೆಣ್ಣುಮಕ್ಕಳು ರಾಟೆ ತಿರುಗಿಸುವುದಷ್ಟೆ, ಮಗ್ಗಕ್ಕೆ ಕೂರುವುದಿಲ್ಲ. ಎಂಬತ್ತೆರಡರಲ್ಲಿ ರಾಮಾಯಿಯ ಒಬ್ಬನೇ ಮಗ ಕೃಷ್ಣಸಾಮಿಗೆ ನನ್ನನ್ನು ಕೊಟ್ಟರು. ಇಲ್ಲಿ ಬಂದು ನೋಡಿದರೆ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಸಿಟ್ಟು ಬಂದರೆ ಎರಡೂ. ನಾನು ಕನ್ನಡದಲ್ಲಿ ಕಾಗದ ಬರೆಯುತ್ತಿದ್ದರೆ ಬೀದಿಯ ಹೆಂಗಸರು ರಂಗೋಲಿ ನೋಡುವ ಹಾಗೆ ಬಂದು ನಿಂತು ನೋಡುತ್ತಿದ್ದರು. ಒಬ್ಬರಿಗೂ ಆ ಅಕ್ಷರ ಗೊತ್ತಿರಲಿಲ್ಲ. ನನ್ನ ಮಾತಿಗೆ ನಕ್ಕರು, ನಾನು ಅವರ ಮಾತಿಗೆ ನಕ್ಕೆ. ಲೆಕ್ಕ ಸರಿಹೋಯಿತು.

ರಾಮಾಯಿ ಮಗ್ಗಕ್ಕೆ ಕೂತದ್ದೂ ಜಗಳ ಮಾಡಿಯೇ. ಗಂಡ ತೀರಿಕೊಂಡಾಗ ಕೃಷ್ಣಸಾಮಿಗೆ ಎಂಟು ವರ್ಷ. ಹದಿನಾರನೆಯ ದಿನದ ಕಾರ್ಯ ಮುಗಿಸಿ ನೆಂಟರು ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಒಳಮನೆಯಿಂದ ಮಗ್ಗದ ಸದ್ದು ಕೇಳಿತಂತೆ. ಗಂಡ ಅರ್ಧ ನೇಯ್ದು ಬಿಟ್ಟು ಹೋಗಿದ್ದ ಸೀರೆಯ ಮುಂದೆ, ಮಗ್ಗದ ಕೆಳಗಿನ ಗುಂಡಿಯೊಳಗೆ ಕಾಲು ಇಳಿಬಿಟ್ಟು ಇವಳು ಕೂತಿದ್ದಳು. ಪಕ್ಕದ ಮನೆಯಲ್ಲೇ ಇರುವ ಅವಳ ಅಣ್ಣ ಲಿಂಗಪ್ಪನ್ ಬಂದು, ಗಂಡಸು ಕೂತ ಗುಂಡಿಯಲ್ಲಿ ಹೆಂಗಸು ಕೂರಬಾರದು ಎಂದನಂತೆ. ಗುಂಡಿಗೆ ಗಂಡು ಹೆಣ್ಣು ಗೊತ್ತಾಗುತ್ತದೆಯೇ ಎಂದು ಕೇಳಿ, ಇವಳು ಲಾಳಿಗೆ ಬಾಯಿಟ್ಟು ಮುಂದಿನ ನೂಲು ಎಳೆದಳಂತೆ. ಈ ಕಥೆಯನ್ನು ನನಗೆ ಹೇಳಿದವನು ಲಿಂಗಪ್ಪನೇ. ಇಪ್ಪತ್ತು ವರ್ಷದ ಮೇಲೂ ಅವನಿಗೆ ಉತ್ತರ ಹೊಳೆದಿರಲಿಲ್ಲ.

ಎಂಬತ್ಮೂರರಲ್ಲಿ ಹಳದಿ ನೂಲು ಬಂತು. ನಮ್ಮ ಬೀದಿಗೆ ನೂಲು ಕೊಟ್ಟು ಸೀರೆ ತೆಗೆದುಕೊಳ್ಳುತ್ತಿದ್ದವರು ಸೋಮಸುಂದರಂ. ನಮ್ಮವರೇ, ಎಲ್ಲರೂ ಮುದಲಾಳಿ, ಅಂದರೆ ಧಣಿ, ಎಂದು ಕರೆಯುತ್ತಿದ್ದರು. ಎಲ್ಲೋ ಒಬ್ಬ ಹೊಸ ಬಣ್ಣದವನನ್ನು ಹಿಡಿದು, ಕಣ್ಣು ಕುಕ್ಕುವ ಹಳದಿ ನೂಲು ತಂದರು. ಬಿಸಿಲಿಗೂ ಬಾಡದ ಹಳದಿ. ಮದುವೆ ಸೀರೆಗೆ ಅದಕ್ಕಿಂತ ಬೇರೆ ಬೇಕೆ? ಪೊಳ್ಳಾಚಿಯಲ್ಲಿ ಆ ಸೀರೆಗೆ ಜನ ಮುಗಿಬಿದ್ದರು. ನೂಲು ಮುಟ್ಟಿದರೆ ಕೈಗೆ ಹಿಟ್ಟಿನಂತೆ ಪುಡಿ ಹತ್ತುತ್ತಿತ್ತು, ಎಳೆದರೆ ತುಟಿಗೆ ಹತ್ತುತ್ತಿತ್ತು. ಸಂಜೆ ಬೀದಿಯಲ್ಲಿ ಯಾರು ಬಾಯಿ ತೆರೆದರೂ ನಾಲಗೆ ಹಳದಿ. ನಾವು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದೆವು. ಹೆದರಲಿಲ್ಲ ಏಕೆಂದರೆ ಅದು ಹಳದಿ. ಕಪ್ಪಾಗಿದ್ದರೆ, ನೀಲಿಯಾಗಿದ್ದರೆ ಉಗುಳುತ್ತಿದ್ದೆವೋ ಏನೋ. ಅರಿಶಿನದ ಬಣ್ಣ ಹೊಟ್ಟೆಗೆ ಹೋದರೆ ಕೆಟ್ಟದ್ದು ಎಂದು ನಮ್ಮಲ್ಲಿ ಯಾವ ಹೆಣ್ಣು ನಂಬುತ್ತಾಳೆ? ತಮಿಳಿನಲ್ಲಿ ಹಳದಿಗೂ ಅರಿಶಿನಕ್ಕೂ ಒಂದೇ ಹೆಸರು, ಮಂಜಳ್. ಮಂಜಳ್ ತಾನೇ, ಒಳ್ಳೆಯದೇ ಎಂದು ರಾಮಾಯಿಯೂ ಹೇಳಿದಳು.

ಮರುವರ್ಷ ನಾನು ಬಸುರಿಯಾದೆ. ಅತ್ತೆ ನನ್ನನ್ನು ನೆಲಕ್ಕೆ ಕಾಲಿಡಲು ಬಿಡಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ನೀರಿನ ಕೊಡ ಮುಟ್ಟಲು ಬಿಡಲಿಲ್ಲ. ನೇಯುವ ಬೀದಿಯಲ್ಲಿ ಬಸುರಿಗೆ ಒಂದು ಹಗುರದ ಕೆಲಸ ಇದೆ. ಗೋಡೆಗೆ ಒರಗಿ ಕೂತು ಕಂಡಿಕೆ ಸುತ್ತುವುದು, ಲಾಳಿಗೆ ಹಾಕುವುದು, ನೂಲು ಎಳೆದು ಕೊಡುವುದು. ಬಗ್ಗುವುದಿಲ್ಲ, ಎತ್ತುವುದಿಲ್ಲ, ತುಳಿಯುವುದಿಲ್ಲ. ರಾಮಾಯಿ ಪ್ರೀತಿಯಿಂದ ಆ ಕೆಲಸ ನನಗೆ ಕೊಟ್ಟಳು. ಅವಳ ಮಗ್ಗ, ನನ್ನ ಗಂಡನ ಮಗ್ಗ, ಪಕ್ಕದ ಲಿಂಗಪ್ಪನ ಮಗ್ಗ, ಮೂರಕ್ಕೂ ನಾನೇ. ದಿನಕ್ಕೆ ಇನ್ನೂರು ಮುನ್ನೂರು ಸಲ ಲಾಳಿಗೆ ಬಾಯಿಡುತ್ತಿದ್ದೆ. ಒಂದೇ ಉಸಿರಿನಲ್ಲಿ ಎಳೆಯಲು ಕಲಿತ ದಿನ ಅತ್ತೆ ಬೀದಿಗೆಲ್ಲ ಕಲ್ಲುಸಕ್ಕರೆ ಹಂಚಿದಳು.

ನಾಲ್ಕನೆಯ ತಿಂಗಳಿಗೆ ಹೋಯಿತು. ಎಂಬತ್ತೈದರಲ್ಲಿ ಮತ್ತೆ ನಿಂತಿತು, ಐದನೆಯ ತಿಂಗಳಿಗೆ ಅದೂ ಹೋಯಿತು. ಆ ಎರಡನೆಯದಕ್ಕೆ ಕೈಕಾಲು ಎಲ್ಲ ಬಂದಿತ್ತು. ಅದರ ಬಗ್ಗೆ ನಾನು ಇಷ್ಟೇ ಬರೆಯಬಲ್ಲೆ.

ಒಂದು ತಿಂಗಳೂ ಆಗಿರಲಿಲ್ಲ, ಲಿಂಗಪ್ಪನ್ ಬಂದು ತಂಗಿಯ ಎದುರು ಕೂತ. ನಾನು ಒಳಗೆ ಗೋಡೆಯ ಆಚೆಗೆ ಇದ್ದೇನೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಗಟ್ಟಿಯಾಗಿ ಹೇಳಿದ.

"ಎರಡು ತಡವೆ ಆಯ್ತು ರಾಮಾಯಿ. ಆ ಮೈಸೂರು ಹೆಣ್ಣ ಅವ್ರ ಊರ್ಗೇ ಕಳ್ಸಿಬುಡು. ಹುಡ್ಗಂಗೆ ಬೇರೆ ಕಡೆ ನೋಡಾಣ."

"ನೇಯೋವಾಗ ನೂಲು ಹರೀತದೆ ಅಣ್ಣ," ಎಂದಳು ರಾಮಾಯಿ. ಮಗ್ಗ ನಿಲ್ಲಿಸಲೂ ಇಲ್ಲ. "ಹರಿದ್ರೆ ಗಂಟು ಹಾಕ್ತೀಯಾ, ಮಗ್ಗನೇ ಮಾರ್ತೀಯಾ?"

ಗೋಡೆಯಾಚೆ ನಾನು ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದೆ. ನನ್ನ ಗಂಡ ಒಳ್ಳೆಯವನೇ, ಆದರೆ ಸೋದರಮಾವನ ಎದುರು ಅವನ ಬಾಯಿಗೆ ಬೀಗ. ಆ ಮನೆಯಲ್ಲಿ ನನ್ನ ಪರವಾಗಿ ಬಾಯಿ ಇದ್ದದ್ದು ಅತ್ತೆಗೆ ಮಾತ್ರ.

ಎಂಬತ್ತಾರರ ಆಡಿ ತಿಂಗಳಲ್ಲಿ, ಅಂದರೆ ನಮ್ಮ ಆಷಾಢದ ಹೊತ್ತಿಗೆ, ಗಾಳಿ ಬೀಸಿ ಬೀದಿಯ ಧೂಳೆಲ್ಲ ಸಾರಿಗೆ ಬೀಳುವ ಕಾಲದಲ್ಲಿ, ನಾನು ಮೂರನೆಯ ಸಲ ಬಸುರಿ. ಮೂರು ತಿಂಗಳು. ಹೊಟ್ಟೆ ಹಿಂಡುವ ನೋವು, ಬಾಯಲ್ಲಿ ಯಾವಾಗಲೂ ಕಬ್ಬಿಣ ನೆಕ್ಕಿದ ರುಚಿ, ಮುಖ ಬಿಳಿಚಿಕೊಂಡಿತ್ತು. ಆಗ ಶಾಲೆಯಲ್ಲಿ ಹಲ್ಲಿನ ಶಿಬಿರ ನಡೆಯಿತು. ಕೊಯಮತ್ತೂರಿನಿಂದ ಬಂದ ಒಬ್ಬಳು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಮದರಾಸಿನಲ್ಲಿ ಮೇಲಿನ ಓದು ಓದುತ್ತಿದ್ದಳು. ನೇಕಾರರ ಹಲ್ಲು ನೂಲಿನಿಂದ ಹೇಗೆ ಸವೆಯುತ್ತದೆ ಎನ್ನುವುದರ ಮೇಲೆ ಅವಳು ಪ್ರಬಂಧ ಬರೆಯಬೇಕಿತ್ತಂತೆ. ಹಲ್ಲಿನ ಕಚ್ಚು ನೋಡಲೆಂದೇ ಒಬ್ಬರು ಬಂದಿದ್ದಾರೆ ಎಂದು ಕೇಳಿದ ಮೇಲೆ ರಾಮಾಯಿಯನ್ನು ಹಿಡಿಯುವವರು ಯಾರು? ನನ್ನನ್ನೂ ಎಳೆದುಕೊಂಡು, ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಹೋಗಿ ನಿಂತಳು.

ಡಾಕ್ಟರಮ್ಮನಿಗೂ ಅವಳನ್ನು ಕಂಡು ಖುಷಿಯಾಯಿತು. ಕಚ್ಚನ್ನು ಅಳೆದಳು, ಬರೆದುಕೊಂಡಳು. ಇಡ್ಲಿ ಹಿಟ್ಟಿನಂಥ ಏನನ್ನೋ ತಟ್ಟೆಯಲ್ಲಿ ಹಾಕಿ ಬಾಯಿಗೆ ಒತ್ತಿ ಹಲ್ಲಿನ ಅಚ್ಚು ತೆಗೆದಳು. ರಾಮಾಯಿ ಅಚ್ಚನ್ನು ಕೈಯಲ್ಲಿ ಹಿಡಿದು, ಹಿಟ್ಟು ಇನ್ನೂ ಹುಳಿ ಬರಬೇಕಿತ್ತು ಎಂದು ತೀರ್ಪು ಕೊಟ್ಟಳು. ಆಮೇಲೆ ನನ್ನ ಸರದಿ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರಲ್ಲ, ನಾನು ನಾಚಿಕೊಂಡೇ ಬಾಯಿ ತೆರೆದೆ.

ಡಾಕ್ಟರಮ್ಮನ ನಗು ನಿಂತಿತು. ನನ್ನ ಕೆಳತುಟಿ ಎಳೆದು ಬೆಳಕು ಬಿಟ್ಟು ನೋಡಿದಳು. ಹತ್ತಿಯಿಂದ ಒಸಡು ಒರೆಸಿದಳು, ಮತ್ತೆ ಒರೆಸಿದಳು. ಹಲ್ಲಿನ ಬುಡ ಒಸಡಿಗೆ ಸೇರುವ ಅಂಚಿನಲ್ಲಿ, ಸೀಸದ ಕಡ್ಡಿಯಿಂದ ಗೀಚಿದ ಹಾಗೆ ನೀಲಿಗಪ್ಪು ಗೆರೆ. ಒರೆಸಿದರೆ ಹೋಗುವ ಗೆರೆಯಲ್ಲ ಅದು. ರಾಮಾಯಿಯ ತುಟಿಯನ್ನು ಮತ್ತೆ ಎತ್ತಿದಳು. ಕಚ್ಚು ನೋಡುವ ಗಡಿಬಿಡಿಯಲ್ಲಿ ಮೊದಲು ಕಾಣದಿದ್ದದ್ದು ಈಗ ಕಂಡಿತು. ಅವಳಿಗೂ ಗೆರೆ ಇತ್ತು, ನನ್ನದಕ್ಕಿಂತ ತೆಳು. ಬ್ಯಾಟರಿ ಮಾಡುವ ಕಡೆ ಕೆಲಸವೇ, ಬಣ್ಣ ಹೊಡೆಯುವ ಕೆಲಸವೇ ಎಂದು ಡಾಕ್ಟರಮ್ಮ ಕೇಳಿದಳು. ನಾವು ನೇಯುವವರು ಎಂದೆವು. ಬಸುರಿಯೇ ಎಂದು ಕೇಳಿದಳು. ಹೌದೆಂದೆ. ಹಿಂದೆ ಏನಾದರೂ ಹೋಗಿದೆಯೇ ಎಂದಳು. ನಾನು ಉತ್ತರ ಕೊಡುವ ಮೊದಲೇ ಅತ್ತೆ ಎರಡು ಬೆರಳು ಎತ್ತಿದಳು.

ಸಂಜೆ ಅವಳು ನಮ್ಮ ಮನೆಗೇ ಬಂದಳು. ಏನು ಕೆಲಸ ಮಾಡುತ್ತೀಯೋ ಮಾಡಿ ತೋರಿಸು ಎಂದಳು. ನಾನು ಗೋಡೆಗೆ ಒರಗಿ ಕಂಡಿಕೆ ಸುತ್ತಿ, ಲಾಳಿಗೆ ಹಾಕಿ, ತುಟಿಯಿಟ್ಟು ಎಳೆದೆ. ಒಂದೇ ಉಸಿರು. ಅವಳು ಲಾಳಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಕೆಳಗಿಟ್ಟಳು. ನೂಲನ್ನು ಬಿಳಿ ಕಾಗದದ ಮೇಲೆ ಉಜ್ಜಿದಳು. ಹಳದಿ ಪುಡಿ ಉದುರಿತು. ತಮಿಳಿನಲ್ಲಿ ನಿಧಾನವಾಗಿ, ಒಂದೊಂದೇ ಮಾತು ಹೇಳಿದಳು. ಅಗ್ಗದ ಹಳದಿ ಬಣ್ಣದಲ್ಲಿ ಕೆಲವು ಸೀಸದಿಂದ ಆದವು. ಸೀಸ ಮೈಗೆ ಸೇರಿದರೆ ರಕ್ತ ಒಣಗುತ್ತದೆ, ಹೊಟ್ಟೆ ಹಿಂಡುತ್ತದೆ, ಬಸಿರು ನಿಲ್ಲದೆ ಹೋಗಬಹುದು. ಅದು ಒಸಡಿನಲ್ಲಿ ಹೀಗೆ ಗೆರೆ ಹಾಕುತ್ತದೆ ಎಂದು ಪುಸ್ತಕದಲ್ಲಿ ಓದಿದ್ದಳು, ಬಾಯಲ್ಲಿ ನೋಡಿದ್ದು ಇದೇ ಮೊದಲು. ಈ ಕಾಲದಲ್ಲಿ ಇದು ಯಾರಿಗೂ ಕಾಣಸಿಗುವುದಿಲ್ಲ ಎಂದು ಅವಳ ಮೇಷ್ಟರೇ ಪಾಠ ಮಾಡಿದ್ದರಂತೆ. ನಿನ್ನ ರಕ್ತ ತೆಗೆದು ಪರೀಕ್ಷೆಗೆ ಕಳಿಸುತ್ತೇನೆ, ಫಲಿತಾಂಶ ಬರುವ ತನಕ ಖಂಡಿತ ಎನ್ನಲಾರೆ, ಆದರೆ ಇವತ್ತಿನಿಂದಲೇ ನೂಲಿಗೆ ಬಾಯಿಡಬೇಡಿ, ಹಳದಿ ಪುಡಿ ಮನೆಯೊಳಗೆ ಇರಬಾರದು ಎಂದಳು. ಮಗು ಹೊಟ್ಟೆಯಲ್ಲಿರುವಾಗ ಕೊಡುವಂಥ ಮದ್ದು ಇಲ್ಲ. ಹಾಲು, ರಾಗಿ, ಸೊಪ್ಪು, ಕಬ್ಬಿಣದ ಮಾತ್ರೆ, ಅಷ್ಟೆ. ಈ ಮಗು ಉಳಿಯುತ್ತದೆಯೇ ಎಂದು ರಾಮಾಯಿ ಕೇಳಿದಳು. ಗೊತ್ತಿಲ್ಲ, ಬಾಯಿಡುವುದು ನಿಲ್ಲಿಸಿದರೆ ಉಳಿಯುವ ದಾರಿ ಇದೆ ಎಂದಳು ಡಾಕ್ಟರಮ್ಮ. ಸುಳ್ಳು ಹೇಳಲಿಲ್ಲ. ಅದಕ್ಕೇ ಅವಳ ಮೇಲೆ ನನಗೆ ಇವತ್ತಿಗೂ ಗೌರವ.

ಅವಳು ಹೋದ ಮೇಲೆ ಅತ್ತೆ ಮಗ್ಗದ ಗುಂಡಿಯಲ್ಲಿ ಇಳಿದು ಕೂತಳು. ನೇಯಲಿಲ್ಲ. ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ನಾನು ಹತ್ತಿರ ಹೋದಾಗ ನನ್ನ ಕಾಲಿನ ಹೆಬ್ಬೆರಳು ಹಿಡಿದುಕೊಂಡಳು. ಗುಂಡಿಯಲ್ಲಿ ಕೂತವಳ ಕೈಗೆ ಅದೇ ಸಿಗುವುದು.

"ಹಗುರ ಕೆಲಸ ಅಂತ ನಾನೇ ಕೊಟ್ಟೆ ಅಮ್ಮಿಣಿ. ಎರಡು ಸಲವೂ ನಾನೇ ಕೊಟ್ಟೆ."

ನಿಮ್ಮ ತಪ್ಪಲ್ಲ ಎಂದು ಹೇಳುವುದು ಸುಲಭ. ನನಗೂ ಒಳಗೆ ಬೆಂಕಿ ಹತ್ತಿ ಉರಿಯುತ್ತಿತ್ತು, ಯಾರ ಮೇಲೆ ಎಂದು ತಿಳಿಯುತ್ತಿರಲಿಲ್ಲ. ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಎದ್ದಾಗ ರಾಮಾಯಿಯ ಮುಖ ಬೇರೆಯಾಗಿತ್ತು. ಅಳುವ ಕೆಲಸ ಮುಗಿಸಿ ಜಗಳದ ಕೆಲಸಕ್ಕೆ ಹೊರಟವಳ ಮುಖ ಅದು.

ಮರುದಿನ ಸೋಮಸುಂದರಂ ಮನೆಗೆ ಹೋಗಿ, ಹಳದಿ ನೂಲು ಬೇಡ, ಬೇರೆ ಬಣ್ಣ ಕೊಡಿ, ಯಾರಿಗೂ ಈ ಹಳದಿ ಕೊಡಬೇಡಿ ಎಂದಳು. ಅವರು ಮೊದಲು ನಕ್ಕರು. ನೂಲನ್ನು ತಿನ್ನಲು ಯಾರು ಹೇಳಿದರು, ನಾನು ಕೊಟ್ಟದ್ದು ನೇಯಲಿಕ್ಕೆ ಎಂದರು. ಆಮೇಲೆ ನಗು ಬಿಟ್ಟು, ಹಲ್ಲು ಕೀಳುವ ಹುಡುಗಿಯ ಮಾತು ಕೇಳಿ ನನ್ನ ವ್ಯಾಪಾರಕ್ಕೆ ಮಣ್ಣು ಹಾಕಬೇಡ, ನೂಲಿನಲ್ಲಿ ವಿಷ ಇದ್ದರೆ ಈ ಬೀದಿಯೇ ಸತ್ತಿರಬೇಕಿತ್ತು ಎಂದರು. ಹಳದಿ ನೇಯದವರಿಗೆ ತಮ್ಮ ಮನೆಯಿಂದ ಯಾವ ಬಣ್ಣದ ನೂಲೂ ಇಲ್ಲ ಎಂದೂ ಹೇಳಿ ಕಳಿಸಿದರು.

ಬೀದಿಯವರಾದರೂ ಜೊತೆಗೆ ನಿಂತರೇ? ಎಲ್ಲರಿಗೂ ನೂಲು ಬೇಕು. ಲಿಂಗಪ್ಪನ್ ಅಂತೂ, ಸೊಸೆಯ ಗರ್ಭ ನಿಲ್ಲದ್ದಕ್ಕೆ ತಂಗಿ ನೂಲಿನ ಮೇಲೆ ನೆಪ ಹಾಕುತ್ತಿದ್ದಾಳೆ ಎಂದು ಚಹದ ಅಂಗಡಿಯಲ್ಲಿ ಕೂತು ಹೇಳಿದ. ನನ್ನ ಗಂಡ ಮೆಲ್ಲಗೆ ಒಂದು ಉಪಾಯ ತೆಗೆದ. ನಾನು ಎಳೆಯುವುದು ಬೇಡ, ತಾನೇ ಎಳೆದುಕೊಳ್ಳುತ್ತೇನೆ, ಹಳದಿಯೇ ನೇಯೋಣ ಎಂದ. ರಾಮಾಯಿ ಅವನ ಬಾಯಿ ತೆರೆಸಿ, ಕನ್ನಡಿ ಕೊಟ್ಟು, ಒಸಡು ನೋಡಿಕೊ ಎಂದಳು. ಅವನಿಗೂ ಗೆರೆ ಶುರುವಾಗಿತ್ತು. ಕನ್ನಡಿಯನ್ನು ಕೆಳಗಿಟ್ಟವನು ಆ ಉಪಾಯದ ಮಾತು ಮತ್ತೆ ಎತ್ತಲಿಲ್ಲ.

ಶುಕ್ರವಾರ ಸಂಜೆ ಅತ್ತೆ ಒರಳಿನಲ್ಲಿ ಅರಿಶಿನದ ಕೊಂಬು ಕುಟ್ಟುತ್ತಿದ್ದಳು. ಮಡಕೆಯಲ್ಲಿ ಕುದಿಯಲು ಇಟ್ಟು, ಹೊಸ ಬಿಳಿ ನೂಲಿನ ಒಂದು ಲಡಿ ಅದರಲ್ಲಿ ಅದ್ದಿದಳು. ಚೌಡೇಶ್ವರಿಗೆ ಹರಕೆಯ ದಾರ ಇರಬೇಕು ಎಂದುಕೊಂಡು ನಾನು ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಬೀದಿಯ ನೇಕಾರರೆಲ್ಲ ನೇಯ್ದ ಸೀರೆ ತಂದು ಕೊಟ್ಟು, ಮುಂದಿನ ವಾರದ ನೂಲು ತೆಗೆದುಕೊಂಡು ಹೋಗುವ ಹೊತ್ತು. ಸೋಮಸುಂದರಂ ಜಗುಲಿಯ ಮೇಲೆ ಚಾಪೆ ಹಾಸಿ ಕೂತಿದ್ದರು. ಕೆಳಗೆ ಇಪ್ಪತ್ತು ಮೂವತ್ತು ಜನ. ಜಗುಲಿಯ ಆ ತುದಿಯಲ್ಲಿ ಅವರ ಮಗಳು ಮುತ್ತಮ್ಮಾಳ್ ಸೀಬೆಕಾಯಿ ತಿನ್ನುತ್ತಾ ಕೂತಿದ್ದಳು. ಏಳು ತಿಂಗಳು ತುಂಬಿ ಹೆರಿಗೆಗೆ ತವರಿಗೆ ಬಂದಿದ್ದಳು. ರಾಮಾಯಿ ತಲೆಯ ಮೇಲೆ ಗಂಟು ಹೊತ್ತು, ಸೊಂಟಕ್ಕೆ ಒಂದು ಲಾಳಿ ಸಿಕ್ಕಿಸಿಕೊಂಡು ಬಂದಳು. ನಾನು ಹಿಂದೆ. ಮನೆಯಲ್ಲಿದ್ದ ಹಳದಿ ನೂಲೆಲ್ಲ ಆ ಗಂಟಿನಲ್ಲಿತ್ತು. ಅದನ್ನು ಜಗುಲಿಯ ಮೇಲೆ ಇಟ್ಟು, ನಿಮ್ಮದು ನಿಮಗೆ ಎಂದಳು. ಆಮೇಲೆ ಮುದಲಾಳಿಯ ಕಡೆ ನೋಡದೆ ಮಗಳ ಹತ್ತಿರ ಹೋಗಿ ಕೂತಳು.

ಮುತ್ತಮ್ಮಾಳ್ ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲೇ ಆಡಿಕೊಂಡಿದ್ದವಳು. ಲಾಳಿ ಎಳೆಯಲು ಕಲಿತದ್ದೂ ರಾಮಾಯಿಯಿಂದಲೇ. ಒಂದೇ ಉಸಿರಿನಲ್ಲಿ ಎಳೆಯುತ್ತಿದ್ದೆಯಲ್ಲ, ಈಗಲೂ ಬರುತ್ತದೆಯೇ, ಹೊಟ್ಟೆಯಲ್ಲಿ ಮಗು ಇದ್ದರೆ ಉಸಿರು ಸಾಲುವುದಿಲ್ಲ ಬಿಡು ಎಂದು ರಾಮಾಯಿ ಅವಳನ್ನು ಕೆಣಕಿದಳು. ಸೊಂಟದಿಂದ ಲಾಳಿ ತೆಗೆದು ಕೊಟ್ಟಳು. ಒಳಗೆ ಹಳದಿ ಕಂಡಿಕೆ. ಇದೇನು ಮಾಡುತ್ತಿದ್ದಾಳೆ ಈ ಹೆಂಗಸು ಎಂದು ಸೆರಗು ಹಿಡಿದು ಎಳೆದೆ. ನನ್ನ ಕೈ ತಟ್ಟಿ ಬಿಟ್ಟಳು. ಮುತ್ತಮ್ಮಾಳ್ ನಗುತ್ತಾ, ಸೀಬೆಕಾಯಿ ಪಕ್ಕಕ್ಕಿಟ್ಟು, ಬಾಯಿ ಒರೆಸಿಕೊಂಡು ಲಾಳಿಯನ್ನು ತುಟಿಯ ಹತ್ತಿರ ತಂದಳು.

ಸೋಮಸುಂದರಂ ದಪ್ಪ ಆಸಾಮಿ, ಕೂತಲ್ಲಿಂದ ಏಳಲು ಇಬ್ಬರ ಆಸರೆ ಬೇಕಿತ್ತು. ಅಂಥವರು ಚಾಪೆಯಿಂದ ನೆಗೆದರು. ಮಗಳ ಕೈ ಮೇಲೆ ಹೊಡೆದರು. ಲಾಳಿ ಜಗುಲಿಯಿಂದ ಹಾರಿ ಬೀದಿಗೆ ಬಿತ್ತು.

"ಬಾಯ್ಗೆ ಇಡಬ್ಯಾಡ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ರಾಮಾಯಿ ನಿಧಾನವಾಗಿ ಇಳಿದು ಹೋಗಿ ಲಾಳಿ ಎತ್ತಿಕೊಂಡಳು, ಸೆರಗಿನಿಂದ ಧೂಳು ಒರೆಸಿದಳು, ಎಲ್ಲರೂ ನೋಡುತ್ತಿರುವಾಗ ತುಟಿಯಿಟ್ಟು ಎಳೆದಳು. ಒಂದೇ ಉಸಿರು. ಹಳದಿ ನೂಲು ಅವಳ ನಾಲಗೆಯ ಮೇಲೆ ಬಂತು.

"ಹೆದ್ರಬ್ಯಾಡಿ ಮುದಲಾಳಿ. ಇದು ನಿಮ್ಮ ಮಂಜಳ್ ಅಲ್ಲ. ನಾನು ಮುಖಕ್ಕೆ ಹಚ್ಚೋ ಮಂಜಳ್, ನಿನ್ನೆ ಕುದಿಸಿ ಅದ್ದಿದ್ದು. ಲಾಳೀನೂ ತೊಳ್ದೇ ತಂದಿದ್ದು." ನೂಲನ್ನು ಹಲ್ಲಿನ ಕಚ್ಚಿಗೆ ಸಿಕ್ಕಿಸಿ ಕತ್ತರಿಸಿ ಉಗುಳಿದಳು. "ನಿಮ್ಮ ಮಗ್ಳಿಗೆ ಆಗ್ದೇ ಇರೋದು ನನ್ನ ಸೊಸೇಗೆ ಹೆಂಗೆ ಆಯ್ತದೆ?"

ಆಗ ಗುಂಪಿನಿಂದ ಮುಂದೆ ಬಂದವನು ಲಿಂಗಪ್ಪನ್. ನಿಮಗೆ ಮೊದಲೇ ತಿಳಿದಿತ್ತೇ ಎಂದು ಕೇಳಿದ. ಎರಡನೆಯ ಸಲ ಕೇಳಿದಾಗ ಸೋಮಸುಂದರಂ ಚಾಪೆ ನೋಡುತ್ತಾ ಹೇಳಿದರು: ಇದನ್ನು ಬಾಯಿಗೆ ಹಾಕಬಾರದು ಎಂದು ಬಣ್ಣದವನು ಮೊದಲ ದಿನವೇ ಹೇಳಿದ್ದನಂತೆ. ಹೇಳಿದರೆ ಯಾರೂ ನೇಯುವುದಿಲ್ಲ ಎಂದು ಹೇಳಲಿಲ್ಲವಂತೆ. ಮೂರು ವರ್ಷ. ನನ್ನ ಎರಡು ಮಕ್ಕಳು. ಆ ಒಂದು ಮಾತು ಹೇಳಲು ಅವರಿಗೆ ಎಷ್ಟು ಉಸಿರು ಬೇಕಾಗಿತ್ತು ಎಂದು ನಾನು ಇವತ್ತಿಗೂ ಕೇಳುತ್ತೇನೆ. ಅವರನ್ನು ನಾನು ಕ್ಷಮಿಸಿಲ್ಲ, ಕ್ಷಮಿಸಬೇಕೆಂದು ಯಾರಾದರೂ ಉಪದೇಶ ಮಾಡಿದರೆ ಅವರನ್ನೂ ಕ್ಷಮಿಸುವುದಿಲ್ಲ.

ಲಿಂಗಪ್ಪನ್ ತನ್ನ ತೋಳಿನಲ್ಲಿದ್ದ ಹಳದಿ ಲಡಿಗಳನ್ನು ರಾಮಾಯಿಯ ಗಂಟಿನ ಪಕ್ಕದಲ್ಲಿ ಹಾಕಿದ. ಅವನ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಎಲ್ಲರೂ ಅಲ್ಲ. ಏಳೆಂಟು ಜನ ಅವತ್ತೂ ಹಳದಿಯನ್ನೇ ಹೊತ್ತುಕೊಂಡು ಮನೆಗೆ ಹೋದರು. ಹಸಿವಿಗೆ ಮಾನ ಕಾಣಿಸುವುದಿಲ್ಲ, ನಾನು ಅವರನ್ನು ಬೈಯುವುದಿಲ್ಲ. ಆದರೆ ಜಗುಲಿಯ ಮೇಲೆ ಬಿದ್ದ ಹಳದಿ ರಾಶಿ ಮೊಣಕಾಲಿನಷ್ಟು ಎತ್ತರವಾಯಿತು. ಮುತ್ತಮ್ಮಾಳ್ ಅಪ್ಪನ ಮುಖ ನೋಡದೆ ಎದ್ದು ಒಳಗೆ ಹೋದಳು.

ಆಮೇಲೆ ನಮ್ಮ ಎರಡು ಮಗ್ಗ ಆರು ವಾರ ಸುಮ್ಮನಿದ್ದವು. ಸೋಮಸುಂದರಂ ಮನೆಯ ನೂಲು ನಿಂತಿತು, ನೇಕಾರರ ಸಂಘದಿಂದ ಬಿಳಿ ನೂಲು ಬರುವುದು ತಡವಾಯಿತು. ಆ ಆರು ವಾರ ನನಗೆ ಹಾಲು ತಪ್ಪಲಿಲ್ಲ ಎಂಬುದು ನನಗೆ ಗೊತ್ತು. ಹೇಗೆ ತಪ್ಪಲಿಲ್ಲ ಎಂಬುದು ಗೊತ್ತಿರಲಿಲ್ಲ. ಅತ್ತೆಯ ಕಿವಿಯಲ್ಲಿ ಓಲೆ ಕಾಣದೆ ಹೋದಾಗ, ಭಾರವಾಗುತ್ತಿತ್ತು ತೆಗೆದಿಟ್ಟೆ ಎಂದಳು. ಮನೆಯ ಗೋಡೆ, ನೆಲ, ಮಗ್ಗ, ಗುಂಡಿ ಎಲ್ಲವನ್ನೂ ಅವಳೇ ಮೂರು ಸಲ ಒದ್ದೆ ಬಟ್ಟೆಯಿಂದ ಒರೆಸಿದಳು. ಹಳೆಯ ಲಾಳಿಗಳನ್ನು ದೂರ ಹಾಕಿ, ಆಚಾರಿಯ ಹತ್ತಿರ ಮಗ್ಗಕ್ಕೊಂದು ಹೊಸದನ್ನು ಮಾಡಿಸಿದಳು.

ಇನ್ನು ಬಾಯಿಡದೆ ನೂಲು ಎಳೆಯುವುದು ಹೇಗೆ? ಮುರಿದ ಕೊಡೆಯ ಕಡ್ಡಿ ಬಿಚ್ಚಿ, ತುದಿಯನ್ನು ಕಲ್ಲಿನ ಮೇಲೆ ಉಜ್ಜಿ ತೆಳುಮಾಡಿ, ಸಣ್ಣ ಕೊಕ್ಕೆ ಬಗ್ಗಿಸಿದಳು. ತೂತಿನೊಳಗೆ ಅದನ್ನು ತೂರಿಸಿ ನೂಲು ಹಿಡಿದು ಎಳೆಯಬೇಕು. ಮೊದಲ ದಿನ ಒಂದು ಕಂಡಿಕೆಗೆ ಅವಳು ಬೈದ ಬೈಗುಳ ಒಂದು ಮಗ್ಗಕ್ಕೆ ಸಾಕಾಗುವಷ್ಟಿತ್ತು. ಉಸಿರಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತಿದ್ದ ಕೆಲಸ, ಕೊಕ್ಕೆಗೆ ಹತ್ತು ಪಟ್ಟು ಹೊತ್ತು. ಒಂದೇ ಉಸಿರಿನಲ್ಲಿ ಎಳೆಯಲು ಬಾರದವಳು ನೇಯ್ಗೆಯವಳೇ ಅಲ್ಲ ಎಂದಿದ್ದೆಯಲ್ಲ ಎಂದು ಬೀದಿಯವರು ಆಡಿಕೊಂಡರು. ಹೌದು, ಹೇಳಿದ್ದೆ, ಹೇಳಿದ ಬಾಯಲ್ಲೇ ಗೆರೆ ಬಂತು, ಸಾಲದೇ ಎಂದಳು. ಒಂದು ತಿಂಗಳಿಗೆ ಕೊಕ್ಕೆ ಅವಳ ಕೈಗೆ ಒಗ್ಗಿತು. ಎರಡು ತಿಂಗಳಿಗೆ ಲಿಂಗಪ್ಪನ್ ತನ್ನ ಮನೆಯ ಹಳೆ ಕೊಡೆ ಹಿಡಿದುಕೊಂಡು ಬಂದು, ಮಳೆ ಇಲ್ಲದ ದಿನ, ಬಾಗಿಲಲ್ಲಿ ನಿಂತ. ರಾಮಾಯಿ ಅದರ ಕಡ್ಡಿ ಬಿಚ್ಚಿ ಅವನಿಗೊಂದು ಕೊಕ್ಕೆ ಮಾಡಿಕೊಟ್ಟಳು.

ರಕ್ತದ ಫಲಿತಾಂಶ ಬಂದಾಗ ನನಗೆ ಐದು ತಿಂಗಳು. ಇರಬೇಕಾದ್ದಕ್ಕಿಂತ ಸೀಸ ಬಹಳ ಹೆಚ್ಚಿತ್ತು. ಡಾಕ್ಟರಮ್ಮನೇ ಬಂದು ಹೇಳಿದಳು, ನನ್ನ ಒಸಡನ್ನು ಮತ್ತೆ ನೋಡಿದಳು, ಹಲ್ಲಿನ ಬುಡದ ಕರೆ ತೆಗೆದು ಶುಚಿ ಮಾಡಿದಳು. ಗೆರೆ ಸ್ವಲ್ಪ ಮಾಸಿದೆ ಎಂದಳು. ತನ್ನ ಪ್ರಬಂಧದಲ್ಲಿ ಕಚ್ಚಿನ ಜೊತೆಗೆ ಗೆರೆಯನ್ನೂ ಸೇರಿಸಿದ್ದಾಳಂತೆ. ನನ್ನ ಹೆಸರು ಹಾಕಿದ್ದೀಯಾ ಎಂದು ರಾಮಾಯಿ ಕೇಳಿದಳು. ಹೆಸರು ಹಾಕುವ ಪದ್ಧತಿಯಿಲ್ಲ, ನಲವತ್ತೇಳು ವರ್ಷದ ನೇಯುವ ಹೆಂಗಸು ಎಂದು ಬರೆದಿದ್ದೇನೆ ಎಂದಳು. ನಲವತ್ತೈದು ಎಂದು ತಿದ್ದಿಸಿದಳು ರಾಮಾಯಿ.

ಐದು ತಿಂಗಳು ದಾಟುವ ದಿನ ಅತ್ತೆ ರಾತ್ರಿಯಿಡೀ ನನ್ನ ಪಕ್ಕದಲ್ಲೇ ಮಲಗಿದ್ದಳು ಎಂದು ಹೇಳಿದರೆ ಚೆನ್ನಾಗಿರುತ್ತಿತ್ತು. ಅವಳು ಮಲಗಲಿಲ್ಲ, ನೇಯುತ್ತಿದ್ದಳು. ಆರು ಬಂತು. ಏಳು ಬಂತು. ಎಂಬತ್ತೇಳರಲ್ಲಿ, ಸಂಕ್ರಾಂತಿ ಬರುವ ತೈ ತಿಂಗಳಲ್ಲಿ, ಪೊಳ್ಳಾಚಿಯ ಆಸ್ಪತ್ರೆಯಲ್ಲಿ, ದಿನ ತುಂಬಲು ಎರಡು ವಾರ ಇರುವಾಗ ಹೆಣ್ಣು ಮಗು ಹುಟ್ಟಿತು. ಸಣ್ಣದು, ಒಂದು ಕೈಯಲ್ಲಿ ಹಿಡಿಯಬಹುದಾದಷ್ಟು. ಅತ್ತಿತು. ಆ ಅಳುವಿಗೆ ಬಾಣಂತಿ ವಾರ್ಡಿನವರೆಲ್ಲ ತಿರುಗಿ ನೋಡಿದರು. ಅಜ್ಜಿಯ ಬಾಯಿ ಮೊಮ್ಮಗಳಿಗೆ ಬಂದಿದೆ ಎಂದು ನನಗೆ ಆಗಲೇ ಗೊತ್ತಾಯಿತು.

ಸೆಲ್ಲಮ್ಮ ಎಂದು ಹೆಸರಿಟ್ಟೆವು. ರಾಮಾಯಿ ದಿನಾ ಬೆಳಿಗ್ಗೆ ಎದ್ದ ಕೂಡಲೇ ಮಗುವಿನ ತುಟಿ ಎತ್ತಿ ಒಸಡು ನೋಡುತ್ತಿದ್ದಳು. ಹಲ್ಲೇ ಇಲ್ಲದ ಬಾಯಲ್ಲಿ ಗೆರೆ ಹೇಗೆ ಬರುತ್ತದೆ ಎಂದರೆ ಕೇಳುತ್ತಿರಲಿಲ್ಲ. ಒಂಬತ್ತನೆಯ ತಿಂಗಳಿಗೆ ಮೊದಲ ಹಲ್ಲು ಮೂಡಿತು, ಅದೂ ಮೇಲಿನ ಸಾಲಿನಲ್ಲಿ. ಮೇಲೆ ಮೊದಲು ಬಂದರೆ ಸೋದರಮಾವನಿಗೆ ಕೇಡು ಎಂದು ನೆಂಟರು ಪಿಸುಗುಟ್ಟಿದರು. ಸೋದರಮಾವ ಕೊಳ್ಳೇಗಾಲದಲ್ಲಿ ಗಟ್ಟಿಮುಟ್ಟಾಗಿದ್ದಾನೆ, ಅವನನ್ನು ಅವನು ನೋಡಿಕೊಳ್ಳಲಿ, ನನ್ನ ಮೊಮ್ಮಗಳ ಒಸಡು ದಾಸವಾಳದ ಹಾಗಿದೆ ಎಂದು ಹೇಳಿ ಅವರನ್ನು ಕಳಿಸಿದಳು.

ಒಂದು ದಿನ ಅತ್ತೆ ಮಗ್ಗದಲ್ಲಿದ್ದಾಗ ಮಗು ಅಂಬೆಗಾಲಿಟ್ಟು ಗುಂಡಿಯ ಅಂಚಿಗೆ ಹೋಯಿತು. ಅಲ್ಲಿಟ್ಟಿದ್ದ ಹೊಸ ಲಾಳಿಯನ್ನು ಎರಡು ಕೈಯಲ್ಲಿ ಹಿಡಿದು ನೇರ ಬಾಯಿಗೆ ಇಟ್ಟಿತು. ನಾನು ಒಲೆಯ ಮುಂದಿನಿಂದ ಕೂಗಿ ಓಡಿ ಬಂದೆ. ರಾಮಾಯಿ ಕೈ ಅಡ್ಡ ಹಿಡಿದು ನನ್ನನ್ನು ತಡೆದಳು. ಅದು ಬಿಳಿ ನೂಲು ಬಿಟ್ಟು ಬೇರೇನೂ ಕಾಣದ ಲಾಳಿ. ಯಾರ ತುಟಿಯೂ ಅದನ್ನು ಮುಟ್ಟಿರಲಿಲ್ಲ. ಮಗು ತನ್ನ ಒಂದೇ ಹಲ್ಲಿನಿಂದ ಮರವನ್ನು ಕರಕರ ಕಡಿಯಿತು, ಜೊಲ್ಲು ಸುರಿಸಿತು, ಮತ್ತೆ ಕಡಿಯಿತು. ಬಿಡಿಸಿಕೊಂಡು ನೋಡಿದಾಗ ಲಾಳಿಯ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಬಿದ್ದಿತ್ತು.

ರಾಮಾಯಿ ಅದನ್ನು ಬೆಳಕಿಗೆ ಹಿಡಿದಳು, ಹೆಬ್ಬೆರಳಿನಿಂದ ಸವರಿದಳು, ಲಾಳಿಯನ್ನು ಮತ್ತೆ ಮಗುವಿನ ಕೈಗೇ ಕೊಟ್ಟಳು.

"ಕಡೀಲಿ ಬಿಡು ಅಮ್ಮಿಣಿ. ಇಷ್ಟು ಕಾಲ ಲಾಳಿ ನಮ್ಮನ್ನ ಕಡೀತು."